ಹಡಗಿನಿಂದ ವಿಮಾನ ಎಬ್ಬಿಸುವುದು: ನಿಮ್ಮ ನೌಕಾಯುದ್ಧದ ಆಟಕ್ಕೆ ಮೊದಲ ಕಾಲದ ವಿಮಾನ ಸೇರಿಸುವ ಬಗೆ

ಕೊಡಗಿನ ನಾಪೋಕ್ಲು ಕಡೆ ಕಕ್ಕಡದ ಮಳೆ ಹಿಡಿದರೆ ಕರೆಂಟ್ ಎರಡು ದಿನ ಬರದಿದ್ದರೂ ಯಾರೂ ಕೇಳುವುದಿಲ್ಲ. ಲ್ಯಾಪ್‌ಟಾಪ್ ಸತ್ತಿರುತ್ತದೆ, ತೋಟದಲ್ಲಿ ಕೆಲಸ ಇರುವುದಿಲ್ಲ. ಅಂಥ ದಿನಗಳಿಗೆ ಅಂತಲೇ ನಾನೂ ಚಿಕ್ಕಪ್ಪನ ಮಗನೂ ಸೇರಿ ಒಂದು ನೌಕಾಯುದ್ಧದ ಆಟ ಮಾಡಿಕೊಂಡಿದ್ದೇವೆ. ಹಳೇ ಕ್ಯಾಲೆಂಡರ್ ಹಾಳೆಗಳ ಬೆನ್ನಿಗೆ ಜೇನುಗೂಡಿನ ಹಾಗೆ ಆರು ಮೂಲೆಯ ಮನೆ ಬರೆದಿದ್ದೇವೆ. ರೊಬಸ್ಟಾ ಬೀಜ ಬ್ರಿಟಿಷ್ ಹಡಗು, ಅರೇಬಿಕಾ ಬೀಜ ಜರ್ಮನ್ ಹಡಗು, ಕರಿಮೆಣಸು ವಿಮಾನ. ಸಮುದ್ರವೇ ಇಲ್ಲದ ಜಿಲ್ಲೆಯಲ್ಲಿ ಕೂತು ಮೊದಲ ಮಹಾಯುದ್ಧದ ಸಮುದ್ರ ಆಳುವುದು ನಮ್ಮ ಕೆಲಸ.

ಮೊದಲು ವಿಮಾನ ಸೇರಿಸಿದಾಗ ನಿಯಮ ಒಂದೇ ಸಾಲಿನದ್ದು: ವಿಮಾನ ಇರುವ ಹಡಗು ಪ್ರತಿ ಸರದಿಗೆ ಒಂದು ವಿಮಾನ ಬಿಡಬಹುದು. ತಮ್ಮ, ಅಂದರೆ ಆ ಚಿಕ್ಕಪ್ಪನ ಮಗ, ನಾಲ್ಕನೇ ಸರದಿಗೇ ನಕ್ಷೆ ತುಂಬಾ ಮೆಣಸು ಚೆಲ್ಲಿಬಿಟ್ಟ. ಎಲ್ಲ ಹಡಗೂ ಎಲ್ಲರಿಗೂ ಕಾಣಿಸಿತು. ಹುಡುಕಾಟ ಮುಗಿಯಿತು, ಆಟವೂ ಮುಗಿಯಿತು.

ತಪ್ಪು ಎಲ್ಲಿ ಅಂತ ಗೊತ್ತಾಗಲು ಎರಡು ಮಳೆಗಾಲ ಬೇಕಾಯಿತು. ಆ ಕಾಲದ ವಿಮಾನ ಏನು ಮಾಡಬಲ್ಲದು ಅನ್ನುವುದನ್ನು ಮಾತ್ರ ನಾವು ಬರೆದಿದ್ದೆವು. ಅದನ್ನು ಎಬ್ಬಿಸಲು ಹಡಗು ಏನು ಕಳೆದುಕೊಳ್ಳುತ್ತದೆ ಅನ್ನುವುದನ್ನು ಬರೆದಿರಲಿಲ್ಲ. ಕೆಳಗಿನ ನಿಯಮಗಳೆಲ್ಲ ಆ ಲೆಕ್ಕವೇ. ಕಾಗದದ ಆಟಕ್ಕೂ ಕಂಪ್ಯೂಟರ್ ಆಟದ ಮಾಡ್‌ಗೂ, ಅಂದರೆ ಆಟಗಾರರೇ ಮಾಡಿಕೊಳ್ಳುವ ಮಾರ್ಪಾಡಿಗೂ, ಹೊಂದುತ್ತವೆ.

ಮೊದಲು ಅಳತೆ

ನಮ್ಮ ಆಟದಲ್ಲಿ ಒಂದು ಸರದಿ 10 ನಿಮಿಷ, ಒಂದು ಮನೆ 1 ನಾಟಿಕಲ್ ಮೈಲಿ. ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಹಾಗಾಗಿ 6 ನಾಟ್ ವೇಗದ ಹಡಗು ಸರದಿಗೆ ಒಂದು ಮನೆ, 18 ನಾಟ್‌ನದ್ದು ಮೂರು ಮನೆ ನಡೆಯುತ್ತದೆ. ನಿಮ್ಮ ಆಟದ ಸರದಿ ಒಂದು ಗಂಟೆಯದ್ದಾದರೆ ಈ ಲೇಖನದ ಅರ್ಧ ನಿಯಮ ವ್ಯರ್ಥ. ವಿಮಾನವನ್ನು ಕ್ರೇನ್‌ನಿಂದ ನೀರಿಗೆ ಇಳಿಸಿ ಎಬ್ಬಿಸಲು ಅರ್ಧ ಗಂಟೆ ಹಿಡಿಯುತ್ತದೆ ಅನ್ನುವ ನೋವು ಗಂಟೆಯ ಸರದಿಯಲ್ಲಿ ಗೊತ್ತೇ ಆಗುವುದಿಲ್ಲ. ಸರದಿ ಚಿಕ್ಕದು ಮಾಡಿಕೊಳ್ಳಿ.

ಎರಡನೆಯದು ಗಾಳಿ

ಗಾಳಿ ಇಲ್ಲದ ನೌಕಾ ಆಟಕ್ಕೆ ಈ ಕಾಲದ ವಿಮಾನ ಸೇರಿಸಲೇಬೇಡಿ. ಮಳೆಗಾಲದಲ್ಲಿ ಮಡಿಕೇರಿಯ ರಾಜಾಸೀಟಿನ ಹತ್ತಿರ ಛತ್ರಿ ಹಿಡಿದು ನಿಂತವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ನೀವು ನಿಂತೇ ಇರುತ್ತೀರಿ, ಛತ್ರಿ ಮಾತ್ರ ಮೇಲಕ್ಕೆ ಎಳೆಯುತ್ತದೆ. ಗಾಳಿಗೆ ಎದುರಾಗಿ ನಾಲ್ಕು ಹೆಜ್ಜೆ ಓಡಿದರೆ ಇನ್ನೂ ಜಾಸ್ತಿ ಎಳೆಯುತ್ತದೆ. ರೆಕ್ಕೆಗೂ ಅಷ್ಟೇ. ನೆಲದ ಮೇಲೆ ಎಷ್ಟು ಓಡಿದೆ ಅನ್ನುವುದು ಅದಕ್ಕೆ ಬೇಡ, ಮುಖಕ್ಕೆ ಎಷ್ಟು ಗಾಳಿ ಬಡಿಯಿತು ಅನ್ನುವುದಷ್ಟೇ ಬೇಕು.

ಆಟದ ಶುರುವಿನಲ್ಲಿ ಒಂದು ದಾಳ ಹಾಕಿ ಗಾಳಿಯ ದಿಕ್ಕು ಗೊತ್ತುಮಾಡಿ. ಮನೆಗೆ ಆರು ಬದಿ, ದಾಳಕ್ಕೆ ಆರು ಮುಖ, ಲೆಕ್ಕ ಸರಿಯಾಗಿದೆ. ಎರಡನೇ ದಾಳವನ್ನು 3ರಿಂದ ಗುಣಿಸಿದರೆ ಗಾಳಿಯ ವೇಗ ನಾಟ್‌ನಲ್ಲಿ ಬರುತ್ತದೆ: 3ರಿಂದ 18. ಪ್ರತಿ ಆರು ಸರದಿಗೊಮ್ಮೆ ಮತ್ತೆ ದಾಳ ಹಾಕಿ. 1 ಬಿದ್ದರೆ ಗಾಳಿ ಒಂದು ಬದಿ ಎಡಕ್ಕೆ, 6 ಬಿದ್ದರೆ ಬಲಕ್ಕೆ ತಿರುಗುತ್ತದೆ. ಅಲೆಗೆ ಬೇರೆ ದಾಳ ಬೇಡ. ಗಾಳಿ 6 ನಾಟ್‌ವರೆಗೆ ಇದ್ದರೆ ನೀರು ಶಾಂತ, 9 ಅಥವಾ 12 ಆದರೆ ಸಣ್ಣ ಅಲೆ, ಅದಕ್ಕೂ ಮೇಲಾದರೆ ಒರಟು ಸಮುದ್ರ.

ಮೂರನೆಯದು ಒಂದೇ ಒಂದು ಲೆಕ್ಕ

ಸೋಪ್‌ವಿತ್ ಪಪ್ ಅನ್ನುವ ಪುಟ್ಟ ವಿಮಾನ ಏಳಲು ನಾನು 40 ನಾಟ್ ಇಟ್ಟಿದ್ದೇನೆ. ಅದರಲ್ಲಿ ಹಡಗಿನ ವೇಗವನ್ನೂ ಎದುರು ಗಾಳಿಯನ್ನೂ ಕಳೆಯಿರಿ. ಉಳಿದಷ್ಟನ್ನು ವಿಮಾನ ತಾನೇ ಓಡಿ ಗಳಿಸಬೇಕು. ಆ ಉಳಿಕೆಯನ್ನು ಅದರಿಂದಲೇ ಗುಣಿಸಿ 20ರಿಂದ ಭಾಗಿಸಿ. ಬಂದ ಉತ್ತರವೇ ಬೇಕಾದ ಓಟದ ಉದ್ದ, ಮೀಟರ್‌ನಲ್ಲಿ.

ಹಡಗು ಲಂಗರು ಹಾಕಿ ನಿಂತಿದೆ, ಗಾಳಿಯೂ ಇಲ್ಲ ಅಂದುಕೊಳ್ಳಿ. ಉಳಿಕೆ 40, ಓಟ 80 ಮೀಟರ್. ವಿಮಾನ ಓಡಲು ಅಷ್ಟು ಉದ್ದದ ಅಟ್ಟ ಯಾವ ಕ್ರೂಸರ್ (ಮಧ್ಯಮ ಗಾತ್ರದ ವೇಗದ ಯುದ್ಧನೌಕೆ) ಮೇಲೆ ಕೂರುತ್ತದೆ? ಅದೇ ಹಡಗು 20 ನಾಟ್‌ನಲ್ಲಿ 9 ನಾಟ್ ಗಾಳಿಗೆ ಎದುರಾಗಿ ಓಡಿದರೆ ಉಳಿಕೆ 11. ಓಟ ಸುಮಾರು 6 ಮೀಟರ್.

ಈ 6 ಮೀಟರ್ ನಾನು ಸುಮ್ನೆ ಆರಿಸಿದ್ದಲ್ಲ. 1917ರಲ್ಲಿ ಬ್ರಿಟಿಷ್ ಲಘು ಕ್ರೂಸರ್ ಯಾರ್ಮೌತ್ ಮೇಲೆ ಕಟ್ಟಿದ ಅಟ್ಟದಿಂದ ಪಪ್ ಎದ್ದದ್ದು 20 ಅಡಿಯಲ್ಲಿ, ಅಂದರೆ ಇಷ್ಟೇ ಉದ್ದದಲ್ಲಿ. ಅದೇ ವರ್ಷ ಆಗಸ್ಟ್ 21ರಂದು ಬರ್ನಾರ್ಡ್ ಸ್ಮಾರ್ಟ್ ಆ ಹಡಗಿನಿಂದ ಎದ್ದು ಎಲ್ 23 ಅನ್ನುವ ಜೆಪೆಲಿನ್, ಅಂದರೆ ಅನಿಲ ತುಂಬಿದ ಜರ್ಮನ್ ವಾಯುನೌಕೆಯನ್ನು ಸುಟ್ಟು ಕೆಡವಿದ. ನನ್ನ ಸೂತ್ರ ಎಂಜಿನಿಯರ್ ಮುಂದೆ ನಿಲ್ಲುವಂಥದ್ದಲ್ಲ, ಆದರೂ ಇತಿಹಾಸದ ಹತ್ತಿರ ಬಂತಲ್ಲ ಅಂತ ಆವತ್ತು ಇನ್ನೊಂದು ಲೋಟ ಕಾಫಿ ಕುಡಿದೆ.

ಗಾಳಿ ನೇರ ಎದುರಿನಿಂದ ಬಂದರೆ ಹಡಗಿನ ವೇಗಕ್ಕೆ ಪೂರ್ತಿ ಕೂಡಿಸಿ. ಮುಂದಿನ ಎರಡು ಓರೆ ಬದಿಗಳಿಂದ ಬಂದರೆ ಅರ್ಧ ಕೂಡಿಸಿ. ಹಿಂದಿನ ಮೂರು ಬದಿಗಳಿಂದ ಬಂದರೆ ಹಡಗಿನ ವೇಗದಿಂದ ಗಾಳಿಯನ್ನು ಕಳೆದುಬಿಡಿ.

ಇನ್ನು ಎಬ್ಬಿಸುವ ಬಗೆಗಳು. ಕ್ರೇನ್‌ನಿಂದ ಶುರು ಮಾಡಿ

ಇದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ನಿಧಾನ. ಹಡಗು ನಿಲ್ಲಬೇಕು. ಸೀಪ್ಲೇನನ್ನು, ಅಂದರೆ ಚಕ್ರದ ಬದಲು ತೇಲುಗಳಿರುವ ವಿಮಾನವನ್ನು, ಕೊಟ್ಟಿಗೆಯಿಂದ ಹೊರಗೆಳೆದು, ರೆಕ್ಕೆ ಬಿಡಿಸಿ, ಕ್ರೇನ್‌ಗೆ ಕೊಂಡಿ ಹಾಕಿ ನೀರಿಗೆ ಇಳಿಸಬೇಕು. ಆಮೇಲೆ ಅದು ನೀರಿನ ಮೇಲೆ ಓಡಿ ಏಳಬೇಕು. ಜಪಾನಿನ ವಕಾಮಿಯಾ ಹಡಗು 1914ರಲ್ಲಿ ಚೀನಾದ ಚಿಂಗ್ಟಾವ್ ಮುತ್ತಿಗೆಯಲ್ಲಿ ಮಾಡಿದ್ದು ಹೀಗೆ. ಅದೇ ವರ್ಷ ಕ್ರಿಸ್‌ಮಸ್ ದಿನ ಬ್ರಿಟಿಷರು ಜರ್ಮನಿಯ ಕುಕ್ಸ್‌ಹಾವೆನ್ ಮೇಲೆ ದಾಳಿ ಮಾಡಿದ್ದೂ ಹೀಗೆ. ಅಲ್ಲಿ ಒಂಬತ್ತು ಸೀಪ್ಲೇನ್ ನೀರಿಗೆ ಇಳಿದವು, ಎದ್ದದ್ದು ಏಳು.

ನಿಯಮ ಬರೆಯುವಾಗ ನಾನು ಕಣ್ಣ ಮುಂದೆ ಇಟ್ಟುಕೊಂಡದ್ದು ಬ್ರಿಟಿಷ್, ಜರ್ಮನ್ ನೌಕಾಪಡೆಗಳ ಜಟ್ಲೆಂಡ್ ಕದನ. 1916 ಮೇ 31ರ ಮಧ್ಯಾಹ್ನ ಎಂಗಡೀನ್ ಅನ್ನುವ ಸೀಪ್ಲೇನ್ ಹಡಗಿಗೆ ವಿಮಾನ ಬಿಡಿ ಅಂತ ಆದೇಶ ಬಂತು. ಫ್ರೆಡರಿಕ್ ರಟ್ಲೆಂಡ್ ಹಾರಿಸಿದ ಶಾರ್ಟ್ 184 ಸೀಪ್ಲೇನ್ ಏಳುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಗಂಟೆ ಹೋಯಿತು. ಹಾಗಾಗಿ ನಿಯಮ: ಕ್ರೇನ್‌ಗೆ ಮೂರು ಸರದಿ. ಅಷ್ಟೂ ಹೊತ್ತು ಹಡಗಿನ ವೇಗ ಸೊನ್ನೆ. ಮಧ್ಯದಲ್ಲಿ ಹೆದರಿ ಓಡಿದರೆ ವಿಮಾನ ನೀರಲ್ಲೇ ಉಳಿಯುತ್ತದೆ. ಜಲಾಂತರ್ಗಾಮಿ ಇರುವ ನಕ್ಷೆಯಲ್ಲಿ ಮೂರು ಸರದಿ ನಿಂತು ನೋಡಿ, ಎದೆ ಹೊಡೆದುಕೊಳ್ಳುತ್ತದೆ.

ನೀರಿನಿಂದ ಏಳಲು ಒಂದು ದಾಳ. ಸಣ್ಣ ಅಲೆಯಲ್ಲಿ 2 ಅಥವಾ ಮೇಲೆ ಬಿದ್ದರೆ ಎದ್ದಿತು. ಶಾಂತ ನೀರಿನಲ್ಲಿ 3 ಬೇಕು. ಇದು ಹೊಸಬರಿಗೆ ವಿಚಿತ್ರ ಅನಿಸುತ್ತದೆ. ಕನ್ನಡಿಯಂಥ ನೀರು ತೇಲುಗಳ ಅಡಿಗೆ ಅಂಟಿದ ಹಾಗೆ ಹಿಡಿದುಕೊಳ್ಳುತ್ತದೆ. ಸಣ್ಣ ಅಲೆ ಇದ್ದರೆ ಬಿಡಿಸಿಕೊಳ್ಳುವುದು ಸುಲಭ, ಎದುರು ಗಾಳಿಯೂ ಸಿಗುತ್ತದೆ. ಒರಟು ಸಮುದ್ರದಲ್ಲಿ 6 ಬೀಳಲೇಬೇಕು, 1 ಬಿದ್ದರೆ ವಿಮಾನ ಒಡೆಯಿತು.

ಮೂತಿಯ ಮೇಲಿನ ಅಟ್ಟ

1910 ನವೆಂಬರ್ 14ರಂದು ಅಮೆರಿಕದ ಯೂಜೀನ್ ಈಲಿ ಬರ್ಮಿಂಗ್‌ಹ್ಯಾಮ್ ಕ್ರೂಸರ್ ಮೇಲೆ ಕಟ್ಟಿದ 83 ಅಡಿಯ ಇಳಿಜಾರು ಮರದ ಅಟ್ಟದಿಂದ ಹಾರಿದ. ಹಡಗಿನಿಂದ ವಿಮಾನ ಎದ್ದದ್ದು ಅದೇ ಮೊದಲು. ಹಡಗು ಓಡುತ್ತಿರಲಿಲ್ಲ. ಅಟ್ಟದ ತುದಿ ದಾಟಿದ ವಿಮಾನ ಕೆಳಕ್ಕೆ ಕುಸಿಯಿತು, ಚಕ್ರ ನೀರಿಗೆ ತಾಗಿತು, ಪ್ರೊಪೆಲರ್ ತುದಿ ಮುರಿಯಿತು. ಹೇಗೋ ಮೇಲೆದ್ದು ದಡದಲ್ಲಿ ಇಳಿದ. ಬ್ರಿಟಿಷರ ಚಾರ್ಲ್ಸ್ ಸ್ಯಾಮ್ಸನ್ 1912ರ ಜನವರಿಯಲ್ಲಿ ಆಫ್ರಿಕಾ ಅನ್ನುವ ಯುದ್ಧನೌಕೆಯಿಂದ ಹಾರಿದ. ಆ ಮೇ ತಿಂಗಳಲ್ಲಿ ಓಡುತ್ತಿದ್ದ ಹೈಬರ್ನಿಯಾದಿಂದ ಹಾರಿ ತೋರಿಸಿದ.

ಈಲಿಯ ಕುಸಿತ ನನಗೆ ತುಂಬಾ ಇಷ್ಟವಾದ ನಿಯಮ ಕೊಟ್ಟಿತು. ಓಟದ ಉದ್ದ ಸಾಲದೆ ಬಂದರೂ ಆಟಗಾರ ಹಠ ಹಿಡಿದು ವಿಮಾನ ಬಿಡಬಹುದು. ಕೊರತೆ 5 ಮೀಟರ್ ಒಳಗಿದ್ದರೆ ದಾಳ ಹಾಕಿ. 4 ಅಥವಾ ಮೇಲೆ ಬಿದ್ದರೆ ಕುಸಿದು, ಚಕ್ರ ಒದ್ದೆ ಮಾಡಿಕೊಂಡು ಎದ್ದಿತು. ಇಲ್ಲದಿದ್ದರೆ ನೀರಿಗೆ. ನಮ್ಮ ಮನೆಯಲ್ಲಿ ಇದಕ್ಕೆ ‘ಈಲಿ ದಾಳ’ ಅನ್ನುತ್ತೇವೆ. ಅದು ಹಾಕುವಾಗ ಅಡುಗೆ ಮನೆಯಿಂದ ಅಮ್ಮನೂ ಬಂದು ನೋಡುತ್ತಾರೆ.

ಅಟ್ಟದ ಬೆಲೆ ಇರುವುದು ದಿಕ್ಕಿನಲ್ಲಿ. ಅಟ್ಟ ಮೂತಿಗೆ ಬಿಗಿದದ್ದು, ಹಾಗಾಗಿ ಹಡಗೇ ಗಾಳಿಗೆ ಎದುರಾಗಿ ತಿರುಗಬೇಕು. ಓರೆ ಗಾಳಿಯಲ್ಲಿ ಬಿಡುವಂತಿಲ್ಲ. ನಿಮ್ಮ ಪಡೆ ಪೂರ್ವಕ್ಕೆ ಹೋಗುತ್ತಿದೆ, ಗಾಳಿ ಪಶ್ಚಿಮದ್ದು ಅಂದರೆ ಒಂದು ಹಡಗು ಸಾಲು ಬಿಟ್ಟು ಹಿಂದಕ್ಕೆ ಓಡಬೇಕು. ಆ ಸರದಿ ಮುಗಿದ ಮೇಲೆ ಅದು ಆರು ಏಳು ಮನೆ ಹಿಂದೆ ಬಿದ್ದಿರುತ್ತದೆ. ತಮ್ಮ ನನ್ನನ್ನು ಮೂರು ಸಲ ಸೋಲಿಸಿದ್ದು ಹೀಗೆ ಒಂಟಿಯಾದ ಕ್ರೂಸರನ್ನು ಹಿಡಿದೇ.

ದೊಡ್ಡ ಹಡಗಿಗೆ ಉದ್ದ ಅಟ್ಟ ಕೊಡಬಹುದು. ಹಳೇ ಪ್ರಯಾಣಿಕರ ಹಡಗು ಕ್ಯಾಂಪೇನಿಯಾಕ್ಕೆ ಮೊದಲು ಒಂದು ಅಟ್ಟ ಹಾಕಿದರು. 1915ರ ಆಗಸ್ಟ್‌ನಲ್ಲಿ ಸೋಪ್‌ವಿತ್ ಶ್ನೈಡರ್ ಸೀಪ್ಲೇನನ್ನು ಚಕ್ರದ ಗಾಡಿಯ ಮೇಲೆ ಕೂರಿಸಿ ಅಲ್ಲಿಂದ ಎಬ್ಬಿಸಿದರು. ಸಾಲದು ಅನಿಸಿ ಆಮೇಲೆ ಅಟ್ಟವನ್ನು ಇನ್ನೂ ಹಿಗ್ಗಿಸಿದರು. ಅದಕ್ಕೆ ದಾರಿ ಬಿಡಲು ಮುಂದಿನ ಹೊಗೆಕೊಳವೆಯನ್ನೇ ಎರಡಾಗಿ ಸೀಳಿ ಅಕ್ಕಪಕ್ಕ ನಿಲ್ಲಿಸಿದರು. ಆಟದಲ್ಲಿ ಗಾಡಿಗೆ ಒಂದು ಸರದಿ ತಯಾರಿ ಕೊಡಿ, ಸಾಕು.

ಫಿರಂಗಿ ಗೋಪುರದ ಮೇಲೆ

ಹಡಗು ತಿರುಗಿಸುವ ತಲೆನೋವಿಗೆ ಆ ಕಾಲದವರೇ ಕಂಡುಕೊಂಡ ಉಪಾಯ ಇದು. ಫಿರಂಗಿ ಗೋಪುರ ಹೇಗೂ ತಿರುಗುತ್ತದೆ, ಅಟ್ಟವನ್ನು ಅದರ ಮೇಲೆಯೇ ಕಟ್ಟಿದರೆ ಆಯಿತಲ್ಲ! 1917 ಅಕ್ಟೋಬರ್ 1ರಂದು ರಿಪಲ್ಸ್ ಹಡಗಿನ ಗೋಪುರದ ಮೇಲಿನಿಂದ ಪಪ್ ಎಬ್ಬಿಸಿದವನು ಜಟ್ಲೆಂಡಿನ ಅದೇ ರಟ್ಲೆಂಡ್. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷರ ದೊಡ್ಡ ಹಡಗುಗಳಲ್ಲಿ ಇಂಥ ಅಟ್ಟ ಸಾಮಾನ್ಯವಾಗಿತ್ತು. ಎರಡು ಜನರ ವಿಮಾನಕ್ಕೆ ಉದ್ದ ಸಾಲದಿದ್ದರೆ ಫಿರಂಗಿ ಕೊಳವೆಗಳ ಮೇಲೂ ಹಲಗೆ ಚಾಚುತ್ತಿದ್ದರು.

ನಿಯಮ: ಎದುರು ಗಾಳಿಗೂ ಮುಂದಿನ ಎರಡು ಓರೆ ಗಾಳಿಗೂ ಬಿಡಬಹುದು. ಹಡಗು ಸಾಲಿನಲ್ಲೇ ಉಳಿಯುತ್ತದೆ. ಆದರೆ ವಿಮಾನ ಬಿಡುವ ಸರದಿಯಲ್ಲೂ ಅದರ ಹಿಂದಿನ ಸರದಿಯಲ್ಲೂ ಆ ಗೋಪುರ ಗುಂಡು ಹಾರಿಸುವಂತಿಲ್ಲ. ಶತ್ರು ಕಣ್ಣಿಗೆ ಬಿದ್ದಾಗಲೇ ವಿಮಾನ ಬೇಕು, ಶತ್ರು ಕಣ್ಣಿಗೆ ಬಿದ್ದಾಗಲೇ ಫಿರಂಗಿಯೂ ಬೇಕು. ಆಟಗಾರ ಒದ್ದಾಡುವುದನ್ನು ನೋಡಲು ಮಜಾ ಇರುತ್ತದೆ.

ಎಳೆದೊಯ್ಯುವ ದೋಣಿ

ಇದಕ್ಕೆ ಲೈಟರ್ ಅನ್ನುತ್ತಾರೆ. ಬೀಡಿ ಹಚ್ಚುವ ಲೈಟರ್ ಅಲ್ಲ, ಚಪ್ಪಟೆ ತಳದ ಸರಕು ದೋಣಿ. ಅದರ ಮೇಲೆ ವಿಮಾನ ಕಟ್ಟಿ, ಡಿಸ್ಟ್ರಾಯರ್ ಅನ್ನುವ ಸಣ್ಣ, ವೇಗದ ಯುದ್ಧನೌಕೆಯ ಹಿಂದೆ ಹಗ್ಗ ಕಟ್ಟಿ ಎಳೆಯುವುದು. 1918ರ ಮೇ ತಿಂಗಳಲ್ಲಿ ಮೊದಲು ಪ್ರಯತ್ನಿಸಿದವನು ಹೈಬರ್ನಿಯಾದ ಅದೇ ಸ್ಯಾಮ್ಸನ್. ವಿಮಾನ ದೋಣಿಯ ಮುಂದಕ್ಕೆ ಮಗುಚಿತು, ದೋಣಿ ಅದರ ಮೇಲೆಯೇ ಹಾದುಹೋಯಿತು, ಆದರೂ ಬದುಕಿ ಬಂದ. ಆಗಸ್ಟ್‌ನಲ್ಲಿ ಸ್ಟುವರ್ಟ್ ಕಲ್ಲಿ ಅನ್ನುವವನು ರಿಡೌಟ್ ಡಿಸ್ಟ್ರಾಯರ್ ಎಳೆಯುತ್ತಿದ್ದ ದೋಣಿಯಿಂದ ಕ್ಯಾಮೆಲ್ ವಿಮಾನದಲ್ಲಿ ಎದ್ದು ಎಲ್ 53 ಜೆಪೆಲಿನ್ ಕೆಡವಿದ. ಆ ಕ್ಯಾಮೆಲ್ ಈಗಲೂ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನಲ್ಲಿದೆ.

ಲೆಕ್ಕ ನೋಡಿ. ಕ್ಯಾಮೆಲ್‌ಗೆ ನಾನು 45 ನಾಟ್ ಇಟ್ಟಿದ್ದೇನೆ. ಡಿಸ್ಟ್ರಾಯರ್ 30, ಗಾಳಿ 9, ಉಳಿಕೆ 6. ಓಟ ಎರಡು ಮೀಟರ್‌ಗೂ ಕಡಿಮೆ! ಕಲ್ಲಿಯ ವಿಮಾನವೂ ಕೆಲವೇ ಅಡಿ ಓಡಿ ಎದ್ದಿತ್ತು. ಬೆಲೆ: ದೋಣಿ ಕಟ್ಟಿಕೊಂಡ ಡಿಸ್ಟ್ರಾಯರ್ ಟಾರ್ಪೆಡೊ ದಾಳಿ ಮಾಡುವಂತಿಲ್ಲ, ಸರದಿಗೆ ಒಂದೇ ಬದಿ ತಿರುಗಬಹುದು. ಒರಟು ಸಮುದ್ರದಲ್ಲಿ ದೋಣಿ ಬೇಡವೇ ಬೇಡ.

ಕೆಟಪಲ್ಟ್

ಕವಣೆ ಕಲ್ಲಿನ ಹಾಗೆ ವಿಮಾನವನ್ನೇ ಎಸೆಯುವ ಯಂತ್ರ. ಅಮೆರಿಕದ ನೌಕಾಪಡೆಯವರು ಒತ್ತಿದ ಗಾಳಿಯಿಂದ ಇದನ್ನು ಮಾಡಿದರು. 1912ರ ಜುಲೈನಲ್ಲಿ ಅನಾಪೊಲಿಸ್‌ನಲ್ಲಿ ಥಿಯೊಡೋರ್ ಎಲಿಸನ್ ವಿಮಾನ ಸಮೇತ ನೀರಿಗೆ ಬಿದ್ದ. ನವೆಂಬರ್ 12ರಂದು ವಾಷಿಂಗ್ಟನ್‌ನಲ್ಲಿ ಅವನೇ ಯಶಸ್ವಿಯಾಗಿ ಎದ್ದ. ಹಡಗಿನ ಮೇಲಿನಿಂದ ಮೊದಲ ಎಸೆತ 1915 ನವೆಂಬರ್ 5ರಂದು, ನಾರ್ತ್ ಕೆರೊಲಿನಾದಿಂದ, ಹೆನ್ರಿ ಮಸ್ಟಿನ್ ಅವರದ್ದು.

ಇಲ್ಲಿ ಓಟದ ಲೆಕ್ಕ ಬೇಡ. ಕೆಟಪಲ್ಟ್ 35 ನಾಟ್ ಕೊಡುತ್ತದೆ ಅಂತ ಇಟ್ಟುಕೊಳ್ಳಿ. ಹಡಗಿನ ವೇಗ, ಗಾಳಿ ಎರಡನ್ನೂ ಕೂಡಿಸಿ ವಿಮಾನಕ್ಕೆ ಬೇಕಾದಷ್ಟು ಆದರೆ ಎದ್ದಿತು. ದಾಳದಲ್ಲಿ 1 ಬಿದ್ದರೆ ಮಾತ್ರ ಯಂತ್ರ ಕೈಕೊಟ್ಟಿತು. ಮತ್ತೆ ಗಾಳಿ ತುಂಬಲು ಮೂರು ಸರದಿ. ಅದು ಹಡಗಿನ ಹಿಂಭಾಗ ನುಂಗುವುದರಿಂದ ಹಿಂದಿನ ಫಿರಂಗಿ ಆಟದುದ್ದಕ್ಕೂ ಬಂದ್. ಯುದ್ಧದ ಕಾಲದ ಬ್ರಿಟಿಷ್, ಜರ್ಮನ್ ಪಡೆಗಳಿಗೆ ನಾನು ಇದನ್ನು ಕೊಟ್ಟಿಲ್ಲ. ಕೊಟ್ಟರೆ ಉಳಿದ ಬಗೆಗಳನ್ನು ಯಾರೂ ಮುಟ್ಟುವುದಿಲ್ಲ.

ಎದ್ದದ್ದು ಸರಿ, ಇಳಿಯುವುದು ಎಲ್ಲಿ?

ಬಹಳ ಜನ ಮರೆಯುವುದು ಇದನ್ನೇ. ಈಲಿ 1911ರ ಜನವರಿಯಲ್ಲಿ ಪೆನ್ಸಿಲ್ವೇನಿಯಾ ಹಡಗಿನ ಮೇಲೆ ಇಳಿದು ತೋರಿಸಿದ್ದ, ಮರಳು ಚೀಲ ಕಟ್ಟಿದ ಹಗ್ಗಗಳು ವಿಮಾನವನ್ನು ಹಿಡಿದು ನಿಲ್ಲಿಸಿದ್ದವು. ಆದರೆ ಅದು ನಿಂತ ಹಡಗು. ಓಡುವ ಹಡಗಿನ ಮೇಲೆ ಮೊದಲು ಇಳಿದವನು ಎಡ್ವಿನ್ ಡನ್ನಿಂಗ್, 1917 ಆಗಸ್ಟ್ 2ರಂದು, ಫ್ಯೂರಿಯಸ್ ಅನ್ನುವ ಬ್ರಿಟಿಷ್ ಹಡಗಿನ ಮೇಲೆ. ಐದು ದಿನ ಬಿಟ್ಟು ಮತ್ತೆ ಇಳಿಯಲು ಹೋಗಿ ಸತ್ತ. 1918ರ ಜುಲೈನಲ್ಲಿ ಅದೇ ಫ್ಯೂರಿಯಸ್‌ನಿಂದ ಏಳು ಕ್ಯಾಮೆಲ್‌ಗಳು ಎದ್ದವು, ಆರು ಟೊಂಡರ್ನ್ ಅನ್ನುವ ಜೆಪೆಲಿನ್ ನೆಲೆಯ ಮೇಲೆ ಹೋಗಿ ಎರಡು ಜೆಪೆಲಿನ್ ಸುಟ್ಟವು. ಒಂದೂ ಹಡಗಿನ ಮೇಲೆ ವಾಪಸ್ ಇಳಿಯಲಿಲ್ಲ.

ಹಾಗಾಗಿ ಚಕ್ರದ ವಿಮಾನ ಒಂದೇ ಸಲದ್ದು. ದಡ ಸಿಕ್ಕರೆ ದಡದಲ್ಲಿ, ಇಲ್ಲದಿದ್ದರೆ ಸ್ನೇಹದ ಹಡಗಿನ ಪಕ್ಕದ ಮನೆಯಲ್ಲಿ ನೀರಿಗೆ ಇಳಿಯಬೇಕು. ಆ ಹಡಗು ಒಂದು ಸರದಿ ನಿಂತರೆ ಪೈಲಟ್ ಬದುಕಿದ, ವಿಮಾನ ಹೋಯಿತು. ಪೈಲಟ್‌ಗೆ ಅಂಕ ಜಾಸ್ತಿ ಇಡಿ. ಇಲ್ಲದಿದ್ದರೆ ಆಟಗಾರರು ಎಷ್ಟು ಕಟುಕರಾಗುತ್ತಾರೆ ಅಂತ ನಾನು ನೋಡಿದ್ದೇನೆ. ಸೀಪ್ಲೇನ್ ಮಾತ್ರ ಮೂರು ಸರದಿ ಕೊಟ್ಟು ಕ್ರೇನ್‌ನಲ್ಲಿ ಮೇಲೆತ್ತಿಕೊಳ್ಳಬಹುದು.

ಹಾರಾಟಕ್ಕೆ ಪಪ್‌ಗೆ ಸರದಿಗೆ 15 ಮನೆ, ಶಾರ್ಟ್ 184ಕ್ಕೆ 12 ಮನೆ ಇಡಿ. ಎರಡಕ್ಕೂ 12 ಸರದಿಯ ಪೆಟ್ರೋಲ್.

ಕಂಡದ್ದು ಯಜಮಾನನಿಗೆ ಮುಟ್ಟಬೇಕು

ಜಟ್ಲೆಂಡಿನಲ್ಲಿ ರಟ್ಲೆಂಡ್‌ಗೆ ಜರ್ಮನ್ ಹಡಗುಗಳು ಕಂಡವು. ವೈರ್‌ಲೆಸ್‌ನಲ್ಲಿ ಹೇಳಿಸಿದ, ಎಂಗಡೀನ್ ಕೇಳಿಸಿಕೊಂಡಿತು. ಅಲ್ಲಿಂದ ಸೇನಾಪತಿ ಬೀಟಿಯ ಹಡಗಿಗೆ ಸುದ್ದಿ ಮುಟ್ಟಲೇ ಇಲ್ಲ. ಅಷ್ಟರಲ್ಲಿ ಪೆಟ್ರೋಲ್ ಕೊಳವೆ ಒಡೆದು ನೀರಿಗೆ ಇಳಿದ, ರಬ್ಬರ್ ತುಂಡು ಸಿಕ್ಕಿಸಿ ಸರಿಮಾಡಿದ. ವಾಪಸ್ ಬಾ ಅಂದರು.

ಆಟದಲ್ಲಿ ಎರಡು ದಾಳ ಹಾಕಿ. ಮೊದಲನೆಯದು ವಿಮಾನದಿಂದ ತಾಯಿಹಡಗಿಗೆ, 3 ಅಥವಾ ಮೇಲೆ. ಎರಡನೆಯದು ತಾಯಿಹಡಗಿನಿಂದ ಸೇನಾಪತಿಗೆ, 4 ಅಥವಾ ಮೇಲೆ. ಎರಡೂ ಬಿದ್ದರೆ ಮಾತ್ರ ಉಳಿದ ಹಡಗುಗಳು ಆ ಸುದ್ದಿಯ ಮೇಲೆ ನಡೆಯಬಹುದು. ಮೇಜಿನ ಮೇಲೆ ಶತ್ರು ನಿಮ್ಮ ಕಣ್ಣಿಗೆ ಕಾಣುತ್ತಿರುತ್ತಾನೆ, ಆದರೂ ಕಾಣದವರ ಹಾಗೆ ಹಡಗು ನಡೆಸಬೇಕು. ಪ್ರಾಮಾಣಿಕತೆ ಸಾಲದು ಅನಿಸಿದರೆ ಮೂರನೆಯವರೊಬ್ಬರನ್ನು ಪಂಚಾಯಿತಿಗೆ ಕೂರಿಸಿ. ನಮ್ಮಲ್ಲಿ ತಂಗಿ ಕೂರುತ್ತಾಳೆ, ಲಂಚ ಚಾಕಲೇಟ್.

ಕಂಪ್ಯೂಟರ್‌ಗೆ ಹಾಕುವವರಿಗೆ

ಪ್ರತಿ ಹಡಗಿಗೆ ಐದು ಕಾಲಂ ಸಾಕು: ಎಬ್ಬಿಸುವ ಬಗೆ, ಅಟ್ಟದ ಉದ್ದ, ತಯಾರಿ ಸರದಿ, ಬಂದ್ ಆಗುವ ಫಿರಂಗಿ, ತಡೆಯುವ ಅಲೆ. ಎಕ್ಸೆಲ್‌ನಲ್ಲಿ ಮೊದಲು ತುಂಬಿಸಿ, ಲೆಕ್ಕ ಅಲ್ಲೇ ನೋಡಿ, ಆಮೇಲೆ ಆಟದ ಫೈಲಿಗೆ ಹಾಕಿ. ನಾನು ನೇರ ಫೈಲಿಗೆ ಬರೆದು ಒಂದು ಸಲ ಅಡಿಯನ್ನು ಮೀಟರ್ ಅಂತ ತುಂಬಿಸಿದೆ. ಮೂರು ದಿನ ಪ್ರತಿ ಕ್ರೂಸರಿನಿಂದಲೂ ವಿಮಾನ ಹಕ್ಕಿಯ ಹಾಗೆ ಏಳುತ್ತಿತ್ತು, ನನ್ನ ನಿಯಮವೇ ಅದ್ಭುತ ಅಂದುಕೊಂಡಿದ್ದೆ.

ಆಡಿ ನೋಡಲು ಎರಡು ಕಥೆ

ಮೊದಲನೆಯದು ಚಿಕ್ಕದು. ಒಬ್ಬರಿಗೆ ಯಾರ್ಮೌತ್, ಎರಡು ಡಿಸ್ಟ್ರಾಯರ್, ಒಂದು ಪಪ್. ಇನ್ನೊಬ್ಬರಿಗೆ ಒಂದು ಜೆಪೆಲಿನ್, ಸರದಿಗೆ 8 ಮನೆ. ಜೆಪೆಲಿನ್ ಹತ್ತು ಸರದಿ ಹಡಗುಗಳ ಬೆನ್ನು ಬಿಡದೆ ಇದ್ದರೆ ಗೆದ್ದಿತು. ಪಪ್ ಇರುವುದು ಒಂದೇ, ಯಾವಾಗ ಬಿಡುವುದು ಅನ್ನುವುದೇ ಇಡೀ ಆಟ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಎರಡನೆಯದು ನಮ್ಮ ಪಕ್ಕದ ಸಮುದ್ರದ್ದು. ಜರ್ಮನಿಯ ವೋಲ್ಫ್ ಸರಕು ಹಡಗಿನ ವೇಷದ ದಾಳಿ ಹಡಗು. 1917ರಲ್ಲಿ ಕೊಲಂಬೊ, ಬಾಂಬೆ ಬಂದರುಗಳ ಹೊರಗೆ ಮೈನ್, ಅಂದರೆ ಹಡಗು ತಾಗಿದರೆ ಸಿಡಿಯುವ ಗುಂಡುಗಳನ್ನು, ಹಾಕಿ ಹೋಯಿತು. ಆ ಜೂನ್‌ನಲ್ಲಿ ಮಂಗೋಲಿಯಾ ಅನ್ನುವ ಪ್ರಯಾಣಿಕರ ಹಡಗು ಬಾಂಬೆ ಹತ್ತಿರ ಅದೇ ಮೈನ್‌ಗೆ ಸಿಕ್ಕಿ ಮುಳುಗಿತು. ವೋಲ್ಫ್ ಬಳಿ ವುಲ್ಫ್‌ಶೆನ್, ಅಂದರೆ ತೋಳದ ಮರಿ, ಅನ್ನುವ ಸೀಪ್ಲೇನ್ ಇತ್ತು. ಕ್ರೇನ್‌ನಿಂದ ಇಳಿಸುವ ಫ್ರೀಡ್ರಿಕ್ಸ್‌ಹಾಫೆನ್ ವಿಮಾನ. ನ್ಯೂಜಿಲೆಂಡ್ ಉತ್ತರಕ್ಕೆ ವೈರೂನಾ ಹಡಗನ್ನು ಹಿಡಿದಾಗ ಈ ಮರಿಯೇ ಮೇಲಿನಿಂದ ‘ವೈರ್‌ಲೆಸ್ ಬಳಸಬೇಡಿ’ ಅಂತ ಚೀಟಿ ಎಸೆದು, ಮುಂದೆ ಒಂದು ಬಾಂಬ್ ಹಾಕಿ ಹೆದರಿಸಿತ್ತು.

ನಕ್ಷೆಯ ಬಲತುದಿಯಲ್ಲಿ ಮಂಗಳೂರಿನಿಂದ ಕೊಲಂಬೊವರೆಗಿನ ದಡ ಬರೆಯಿರಿ, ಮಧ್ಯೆ ಲಕ್ಷದ್ವೀಪ. ವೋಲ್ಫ್‌ಗೆ 9 ನಾಟ್, ಎರಡು ಸರದಿಗೆ ಮೂರು ಮನೆ. ಎದುರಾಳಿಗೆ ಆರು ಸರಕು ಹಡಗು, ಎರಡು ಕ್ರೂಸರ್. ಸೀಪ್ಲೇನ್ ಇರುವ ಮನೆಯ ಪಕ್ಕ ಬಂದ ಸರಕು ಹಡಗು ದಾಳದಲ್ಲಿ 5 ಅಥವಾ ಮೇಲೆ ಹಾಕಿದರೆ ಮಾತ್ರ ವೈರ್‌ಲೆಸ್‌ನಲ್ಲಿ ಕೂಗಬಹುದು. ವೋಲ್ಫ್ ಪ್ರತಿ ಸಲ ಮರಿಯನ್ನು ಇಳಿಸಲು ಮೂರು ಸರದಿ, ಎತ್ತಲು ಮೂರು ಸರದಿ ನಿಲ್ಲಬೇಕು. ನಮ್ಮ ಕೊನೆಯ ಆಟದಲ್ಲಿ ತಮ್ಮ ಎತ್ತುವ ಎರಡನೇ ಸರದಿಯಲ್ಲಿದ್ದಾಗ ನನ್ನ ಕ್ರೂಸರ್ ನಾಲ್ಕು ಮನೆ ದೂರದಲ್ಲಿ ಕಾಣಿಸಿಕೊಂಡಿತು. ಮರಿಯನ್ನು ನೀರಲ್ಲೇ ಬಿಟ್ಟು ಓಡಲೋ, ಇನ್ನೊಂದು ಸರದಿ ನಿಲ್ಲಲೋ ಅಂತ ಅವನು ಕಾಲು ಗಂಟೆ ಕೂತ. ಅಷ್ಟರಲ್ಲಿ ಕರೆಂಟ್ ಬಂತು.